ಹಾರ್ಲೆಮ್‌ನಲ್ಲಿ ವಾರಾಂತ್ಯದ ಬ್ರಂಚ್: ಸೋಲ್ ಹಾಡು ಕೇಳಲು ಹೊರಟವರಿಗೆ

ನ್ಯೂಜೆರ್ಸಿ, ನ್ಯೂಯಾರ್ಕ್ ಕಡೆ ಇರುವ ನಮ್ಮವರ ಮನೆಗೆ ಬೇಸಿಗೆಯಲ್ಲಿ ಊರಿಂದ ಅಪ್ಪ ಅಮ್ಮ ಬರುತ್ತಾರೆ. ಟೈಮ್ಸ್ ಸ್ಕ್ವೇರ್ ಆಗುತ್ತದೆ, ಲಿಬರ್ಟಿ ಪ್ರತಿಮೆ ಆಗುತ್ತದೆ, ಒಂದು ಲಾಂಗ್ ವೀಕೆಂಡ್ ನೋಡಿ ನಯಾಗರ ಆಗುತ್ತದೆ. ಅಲ್ಲಿಗೆ ಪಟ್ಟಿ ಖಾಲಿ. ಆಮೇಲೆ ಪ್ರತಿ ಭಾನುವಾರ ದೇವಸ್ಥಾನ, ಪಟೇಲ್ ಅಂಗಡಿ, ಮಾಲ್. ಆ ಪಟ್ಟಿಗೆ ಇನ್ನೊಂದು ಸೇರಿಸಿ ಅಂತ ನಾನು ಕೇಳಿದವರಿಗೆಲ್ಲ ಹೇಳುತ್ತೇನೆ: ನ್ಯೂಯಾರ್ಕ್ ನಗರದ ಮ್ಯಾನ್‌ಹ್ಯಾಟನ್ ಉತ್ತರಕ್ಕಿರುವ, ಕಪ್ಪು ಜನರ ಬಡಾವಣೆ ಅಂತ ಹೆಸರಾದ ಹಾರ್ಲೆಮ್‌ನಲ್ಲಿ ಒಂದು ಬ್ರಂಚ್. ಎದುರಿಗೆ ಗಾಸ್ಪೆಲ್ (ಕಪ್ಪು ಜನರ ಚರ್ಚಿನ ಹಾಡು) ಅಥವಾ ಸೋಲ್ (ಅದೇ ಧಾಟಿಯಿಂದ ಹುಟ್ಟಿದ ಲೌಕಿಕ ಹಾಡು) ಹಾಡುವವರು, ಮೇಜಿನ ಮೇಲೆ ಅಮೆರಿಕದ ಕಪ್ಪು ಜನರ ಮನೆಯಡುಗೆ.

ಬ್ರಂಚ್ ಎಂದರೆ ತಿಂಡಿಗೂ ಊಟಕ್ಕೂ ಸೇರಿಸಿ ಒಂದೇ ಸಲ, ಆರಾಮಾಗಿ ಕೂತು ತಿನ್ನುವುದು. ಹತ್ತು ಹನ್ನೊಂದಕ್ಕೆ ಶುರುವಾಗಿ ಮಧ್ಯಾಹ್ನ ಮೂರು ನಾಲ್ಕರವರೆಗೂ ನಡೆಯುತ್ತದೆ. ಅದು ಎಲ್ಲ ಕಡೆಯೂ ಸಿಗುತ್ತದೆ. ಹಾರ್ಲೆಮ್‌ನದ್ದು ಬೇರೆ ಯಾಕೆಂದರೆ ಇಲ್ಲಿ ಹಾಡನ್ನು ಊಟದ ಹಿಂದೆ ಸುಮ್ನೆ ಹಾಕಿರುವುದಿಲ್ಲ. ಹಾಡುವವರು ನಿಮ್ಮ ಕಡೆಯಿಂದ ಉತ್ತರ ಕಾಯುತ್ತಾರೆ. ಚಪ್ಪಾಳೆ, ಒಂದು ಕೂಗು, ತಲೆದೂಗು, ಏನಾದರೂ ಸರಿ. ಫೋರ್ಕ್ ಹಿಡಿದು ಗಂಭೀರವಾಗಿ ಕೂತರೆ ನೀವು ಕೊಟ್ಟ ದುಡ್ಡಿನಲ್ಲಿ ಅರ್ಧ ಅಲ್ಲೇ ಹೋಯಿತು.

ಯಾವ ದಿನ, ಯಾವ ಜಾಗ

ಮೊದಲು ನಿಮಗೆ ಏನು ಕೇಳಬೇಕು ಅಂತ ತೀರ್ಮಾನಿಸಿ. ಭಾನುವಾರ ಸಾಮಾನ್ಯವಾಗಿ ಗಾಸ್ಪೆಲ್ ಜಾಸ್ತಿ, ಅಂದರೆ ಚರ್ಚಿನ ಹಾಡು. ಶನಿವಾರ ಸೋಲ್, ಆರ್ ಅಂಡ್ ಬಿ (ರಿದಮ್ ಅಂಡ್ ಬ್ಲೂಸ್), ಒಂದಿಷ್ಟು ಜಾಝ್. ಕೇಳುವ ಕಿವಿಗೆ ಎರಡೂ ಒಂದೇ ಮನೆಯವು. ಸೋಲ್ ಗಾಯಕ ರೇ ಚಾರ್ಲ್ಸ್ 1954ರಲ್ಲಿ ಗಾಸ್ಪೆಲ್ ಹಾಡೊಂದರ ಧಾಟಿ ತೆಗೆದುಕೊಂಡು, ದೇವರ ಜಾಗದಲ್ಲಿ ಹುಡುಗಿಯನ್ನು ಕೂರಿಸಿ ಹಾಡಿದ. ಚರ್ಚಿನವರಿಗೆ ಸಿಟ್ಟು ಬಂತು, ಹಾಡು ಮಾತ್ರ ಎಲ್ಲ ಕಡೆ ಓಡಿತು. ಸ್ಯಾಮ್ ಕುಕ್ ಗಾಸ್ಪೆಲ್ ತಂಡ ಬಿಟ್ಟು ಸೋಲ್ ಕಡೆ ಬಂದವನು. ಸೋಲ್ ಗಾಯಕಿ ಅರೀತಾ ಫ್ರಾಂಕ್ಲಿನ್ ಡೆಟ್ರಾಯಿಟ್‌ನ ಪಾದ್ರಿಯ ಮಗಳು, ಅಪ್ಪನ ಚರ್ಚಿನಲ್ಲೇ ಹಾಡಿ ಬೆಳೆದವಳು. ಹಾಗಾಗಿ ಶನಿವಾರ ಹೋದರೂ ಭಾನುವಾರದ ವಾಸನೆ ಇದ್ದೇ ಇರುತ್ತದೆ. ಒಂದೇ ಸಲ ಹೋಗುವುದಾದರೆ ನನ್ನ ಓಟು ಭಾನುವಾರಕ್ಕೆ.

ಜಾಗದ ವಿಷಯಕ್ಕೆ ಬಂದರೆ ಲೆನಾಕ್ಸ್ ಅವೆನ್ಯೂ ಸುತ್ತಮುತ್ತ ನೋಡಿ. 126 ಮತ್ತು 127ನೇ ಬೀದಿಗಳ ನಡುವೆ ಸಿಲ್ವಿಯಾಸ್ ಇದೆ. ಸೌತ್ ಕೆರೊಲಿನಾದಿಂದ ಬಂದ ಸಿಲ್ವಿಯಾ ವುಡ್ಸ್ ತಾನು ಕೆಲಸ ಮಾಡುತ್ತಿದ್ದ ಚಿಕ್ಕ ಹೋಟೆಲನ್ನೇ 1962ರಲ್ಲಿ ಕೊಂಡಳು. ದುಡ್ಡು ಹೊಂದಿಸಲು ಊರಲ್ಲಿ ಅವಳ ಅಮ್ಮ ಜಮೀನು ಅಡ ಇಟ್ಟಿದ್ದಳು. ಆಕೆ 2012ರಲ್ಲಿ ತೀರಿಕೊಂಡಳು, ಹೋಟೆಲನ್ನು ಮನೆಯವರೇ ನಡೆಸಿಕೊಂಡು ಬಂದರು. ಭಾನುವಾರದ ಗಾಸ್ಪೆಲ್ ಬ್ರಂಚ್‌ಗೆ ಹೆಸರಾದ ಜಾಗ. ಅಲ್ಲೇ ಒಂದು ಬ್ಲಾಕ್ ಕೆಳಗೆ ರೆಡ್ ರೂಸ್ಟರ್. ಇಥಿಯೋಪಿಯಾದಲ್ಲಿ ಹುಟ್ಟಿ ಸ್ವೀಡನ್‌ನಲ್ಲಿ ಬೆಳೆದ ಬಾಣಸಿಗ ಮಾರ್ಕಸ್ ಸ್ಯಾಮ್ಯುಯೆಲ್ಸನ್ 2010ರಲ್ಲಿ ತೆರೆದದ್ದು. ಇದು ಸ್ವಲ್ಪ ಥಳುಕಿನದು. ನಿಮ್ಮ ಜೊತೆ ದೊಡ್ಡವರಿದ್ದರೆ ಸಿಲ್ವಿಯಾಸ್ ತರಹದ್ದು ಸರಿ, ಸ್ನೇಹಿತರ ಗುಂಪಾದರೆ ರೂಸ್ಟರ್ ತರಹದ್ದು. ಎಲ್ಲಿಗೇ ಹೋಗಲಿ, ಆ ವಾರ ಹಾಡುವವರು ಇದ್ದಾರಾ, ಎಷ್ಟು ಗಂಟೆಗೆ ಅಂತ ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ವೇಳಾಪಟ್ಟಿ ಬದಲಾಗುತ್ತಿರುತ್ತದೆ.

ಒಂದು ಮಾತು: ಚರ್ಚಿನಲ್ಲಿ ಕೇಳುವ ಗಾಸ್ಪೆಲ್ ಬೇರೆ, ಬ್ರಂಚ್ ಬೇರೆ. 138ನೇ ಬೀದಿಯ ಅಬಿಸೀನಿಯನ್ ಬ್ಯಾಪ್ಟಿಸ್ಟ್ ಚರ್ಚ್ 1808ರಲ್ಲಿ ಶುರುವಾದ ಸಭೆ. ಅಲ್ಲಿಗೆ ಹೋಗುವುದಾದರೆ ಅದು ಪೂಜೆ, ಶೋ ಅಲ್ಲ. ಫೋನ್ ಒಳಗಿಡಿ, ಮೈ ತುಂಬ ಬಟ್ಟೆ ಹಾಕಿ, ಮಧ್ಯದಲ್ಲಿ ಎದ್ದು ಬರಬೇಡಿ, ತಟ್ಟೆ ಬಂದಾಗ ಕಾಣಿಕೆ ಹಾಕಿ. ಪ್ರವಾಸಿಗರನ್ನು ಯಾವಾಗ, ಎಷ್ಟು ಜನರನ್ನು ಬಿಡುತ್ತಾರೆ ಅಂತ ಮೊದಲೇ ವಿಚಾರಿಸಿ. ಬ್ರಂಚ್‌ನಲ್ಲಿ ಈ ಬಿಗಿ ಇಲ್ಲ.

ಟೇಬಲ್ ಹಿಡಿಯುವುದು

ಒಂದು ವಾರ ಮೊದಲೇ ಬುಕ್ ಮಾಡಿ. ಅಮ್ಮಂದಿರ ದಿನ, ಈಸ್ಟರ್ ಆಗಿದ್ದರೆ ಅದಕ್ಕಿಂತ ಬಹಳ ಮೊದಲು. ಬುಕ್ ಮಾಡುವಾಗ ಕೇಳಬೇಕಾದ್ದು ಇಷ್ಟು: ಹಾಡಿಗೆ ಪ್ರತ್ಯೇಕ ಚಾರ್ಜ್ ಇದೆಯಾ, ಮೇಜಿಗೆ ಎಷ್ಟು ಹೊತ್ತು ಕೊಡುತ್ತೀರಿ, ಹಾಡುವವರು ಇರುವ ಹಾಲ್‌ನಲ್ಲೇ ನಮ್ಮ ಟೇಬಲ್ ಇರುತ್ತದಾ. ಕೊನೆಯದನ್ನು ಮರೆಯಬೇಡಿ. ದೊಡ್ಡ ಹೋಟೆಲುಗಳಲ್ಲಿ ಎರಡು ಮೂರು ಹಾಲ್ ಇರುತ್ತವೆ. ಪಕ್ಕದ ಹಾಲ್‌ನಲ್ಲಿ ಕೂರಿಸಿದರೆ ನಿಮಗೆ ಡ್ರಮ್ಮಿನ ಗುದ್ದು ಬಿಟ್ಟು ಬೇರೇನೂ ಕೇಳಿಸುವುದಿಲ್ಲ.

ಇಲ್ಲಿನ ಇನ್ನೊಂದು ಪದ್ಧತಿ ನಮ್ಮವರಿಗೆ ಕಿರಿಕಿರಿ. ಗುಂಪಿನ ಎಲ್ಲರೂ ಬಾಗಿಲಿಗೆ ಬರುವವರೆಗೆ ಎಷ್ಟೋ ಕಡೆ ಕೂರಿಸುವುದೇ ಇಲ್ಲ. "ಅವರು ಪಾರ್ಕಿಂಗ್ ಹುಡುಕ್ತಿದ್ದಾರೆ, ನಾವು ಕೂತಿರ್ತೀವಿ" ಅಂದರೆ ನಡೆಯುವುದಿಲ್ಲ. ಬುಕ್ ಮಾಡಿದ ಹೊತ್ತಿಗಿಂತ ಹದಿನೈದು ನಿಮಿಷ ತಡವಾದರೆ ಟೇಬಲ್ ಬೇರೆಯವರ ಪಾಲಾಗಬಹುದು. ಆದ್ದರಿಂದ ಹನ್ನೊಂದೂವರೆಗೆ ಬುಕ್ ಆಗಿದ್ದರೆ ನಿಮ್ಮವರಿಗೆಲ್ಲ ಹನ್ನೊಂದು ಅಂತಲೇ ಹೇಳಿ.

ಹೊತ್ತಿನ ಆಯ್ಕೆ ನಿಮಗೆ ಬಿಟ್ಟದ್ದು. ಮೊದಲ ಸರದಿಯಲ್ಲಿ ಪ್ರವಾಸಿಗರೇ ಜಾಸ್ತಿ, ಸದ್ದು ಕಮ್ಮಿ, ಅಡುಗೆ ಬೇಗ ಬರುತ್ತದೆ. ವಯಸ್ಸಾದವರಿಗೆ, ಮಕ್ಕಳಿಗೆ ಅದೇ ಒಳ್ಳೆಯದು. ಒಂದು ಗಂಟೆಯ ನಂತರ ಚರ್ಚು ಮುಗಿಸಿ ಬರುವ ಸ್ಥಳೀಯರು ಸೇರುತ್ತಾರೆ. ದೊಡ್ಡ ಹ್ಯಾಟು ಹಾಕಿದ ಅಜ್ಜಿಯರು, ಇಸ್ತ್ರಿ ಮಾಡಿದ ಸೂಟು, ಹೊಳೆಯುವ ಬೂಟು. ಹಾಡುವವರಿಗೂ ಆಗ ಗಂಟಲು ಬಿಸಿಯಾಗಿರುತ್ತದೆ. ನನಗೆ ಈ ಎರಡನೇ ಹೊತ್ತೇ ಇಷ್ಟ.

ಬಟ್ಟೆಗೆ ಕಟ್ಟುನಿಟ್ಟಿಲ್ಲ. ಆದರೆ ಸುತ್ತ ಕೂತವರು ಭಾನುವಾರದ ಒಳ್ಳೆಯ ಬಟ್ಟೆಯಲ್ಲಿ ಇರುತ್ತಾರೆ. ನೀವು ಚಡ್ಡಿ, ಚಪ್ಪಲಿಯಲ್ಲಿ ಹೋದರೆ ನಿಮಗೇ ಮುಜುಗರ. ಅಮ್ಮ ರೇಷ್ಮೆ ಸೀರೆ ಉಡುತ್ತೇನೆ ಅಂದರೆ ಉಡಲಿ, ಪಕ್ಕದ ಟೇಬಲ್‌ನಿಂದ ಮೆಚ್ಚುಗೆ ಗ್ಯಾರಂಟಿ.

ಹೋಗುವ ದಾರಿ

ಕಾರು ಬೇಡ. ನ್ಯೂಜೆರ್ಸಿಯ ಎಡಿಸನ್ ಕಡೆಯವರು ಎನ್‌ಜೆ ಟ್ರಾನ್ಸಿಟ್ ರೈಲು ಹಿಡಿದು ಪೆನ್ ಸ್ಟೇಷನ್‌ಗೆ ಬನ್ನಿ. ಅಲ್ಲಿಂದ ಅಪ್‌ಟೌನ್ ಕಡೆಯ, ಅಂದರೆ ಉತ್ತರಕ್ಕೆ ಹೋಗುವ 2 ಅಥವಾ 3 ನಂಬರಿನ ಸಬ್‌ವೇ (ನೆಲದಡಿಯ ರೈಲು). ಇಳಿಯುವುದು 125ನೇ ಬೀದಿಯಲ್ಲಿ, ಮೆಟ್ಟಿಲು ಹತ್ತಿದರೆ ಲೆನಾಕ್ಸ್ ಅವೆನ್ಯೂ. ಅದೇ ನಿಲ್ದಾಣದಿಂದ ಹೊರಡುವ 1 ನಂಬರ್ ಹತ್ತಬೇಡಿ. 96ನೇ ಬೀದಿಯವರೆಗೆ ಮೂರೂ ಒಟ್ಟಿಗೆ ಹೋಗುತ್ತವೆ, ಆಮೇಲೆ 2 ಮತ್ತು 3 ಬಲಕ್ಕೆ ಹೊರಳುತ್ತವೆ, 1 ನೇರ ಬ್ರಾಡ್‌ವೇ ಹಿಡಿದು ಹೋಗುತ್ತದೆ. ಅದಕ್ಕೂ 125ನೇ ಬೀದಿ ಅಂತಲೇ ಒಂದು ನಿಲ್ದಾಣ ಇದೆ, ಅಲ್ಲಿ ಇಳಿದರೆ ಅಡ್ಡಕ್ಕೆ ದೂರ ನಡೆಯಬೇಕು. ಶನಿವಾರ ಭಾನುವಾರ ಹಳಿ ರಿಪೇರಿ ಅಂತ ದಾರಿ ಬದಲಿಸುವುದು ಮಾಮೂಲು. ಮನೆ ಬಿಡುವ ಮೊದಲು ಫೋನಿನಲ್ಲಿ ನೋಡಿಕೊಳ್ಳಿ.

ಬೀದಿಗಳಿಗೆ ಇಲ್ಲಿ ಎರಡೆರಡು ಹೆಸರು. ಲೆನಾಕ್ಸ್ ಅವೆನ್ಯೂನೇ ಮ್ಯಾಲ್ಕಮ್ ಎಕ್ಸ್ ಬುಲೆವಾರ್ಡ್. ಏಳನೇ ಅವೆನ್ಯೂ ಎಂದರೆ ಆಡಮ್ ಕ್ಲೇಟನ್ ಪವೆಲ್ ಬುಲೆವಾರ್ಡ್. ಮ್ಯಾಪಿನಲ್ಲಿ ಒಂದು, ದಾರಿ ಹೇಳುವವರ ಬಾಯಲ್ಲಿ ಇನ್ನೊಂದು. ಗಾಬರಿ ಬೇಡ.

"ಹಾರ್ಲೆಮ್‌ಗಾ? ಸೇಫಾ?" ಅಂತ ಕೇಳುವ ಒಬ್ಬ ಅಂಕಲ್ ಪ್ರತಿ ಗುಂಪಿನಲ್ಲೂ ಇರುತ್ತಾರೆ. ಅವರ ಮಾಹಿತಿ ಎಂಬತ್ತರ ದಶಕದ್ದು. ಭಾನುವಾರ ಮಧ್ಯಾಹ್ನ 125ನೇ ಬೀದಿಯಲ್ಲಿ ಕಾಲಿಡಲು ಜಾಗ ಇರದಷ್ಟು ಜನ. ಯಾವ ದೊಡ್ಡ ಊರಿನಲ್ಲೂ ಇರಬೇಕಾದ ಎಚ್ಚರ ಇದ್ದರೆ ಸಾಕು.

ತಟ್ಟೆಗೆ ಏನು ಬರುತ್ತದೆ

ಇದು ಸೋಲ್ ಫುಡ್. 1910ರಿಂದ 1970ರವರೆಗೆ ದಕ್ಷಿಣದ ಹತ್ತಿ ಹೊಲಗಳ ಸೀಮೆಯಿಂದ ಸುಮಾರು 60 ಲಕ್ಷ ಕಪ್ಪು ಜನ ಉತ್ತರದ, ಪಶ್ಚಿಮದ ನಗರಗಳಿಗೆ ವಲಸೆ ಹೋದರು. ಹಾರ್ಲೆಮ್‌ಗೆ ಬಂದವರು ತಮ್ಮ ಅಡುಗೆಯನ್ನೂ ಹಾಡನ್ನೂ ಒಟ್ಟಿಗೇ ತಂದರು. ಗುಲಾಮಗಿರಿಯ ಕಾಲದಲ್ಲಿ ಆಫ್ರಿಕದಿಂದ ಬಂದ ಬೆಂಡೆಕಾಯಿ, ಅಲಸಂದೆ ಕಾಳು ಈ ಮೆನುವಿನಲ್ಲಿ ಸಿಗುತ್ತವೆ. ನಮ್ಮ ಕಡೆಯ ಅಮ್ಮಂದಿರು ಅಲಸಂದೆ ನೋಡಿದ ಕೂಡಲೇ ಗುರುತು ಹಿಡಿಯುತ್ತಾರೆ.

ಹೆಸರಾದದ್ದು ಕರಿದ ಕೋಳಿ ಮತ್ತು ವಾಫಲ್ (ಚೌಕುಳಿ ಅಚ್ಚಿನಲ್ಲಿ ಬೇಯಿಸಿದ ದಪ್ಪ ದೋಸೆಯಂಥದ್ದು). ಕೋಳಿಗೆ ಖಾರದ ಸಾಸ್, ವಾಫಲ್‌ಗೆ ಸಿಹಿ ಪಾಕ, ಎರಡೂ ಒಂದೇ ತುತ್ತಿಗೆ. ಈ ಜೋಡಿಗೆ ಹೆಸರು ತಂದದ್ದು 1938ರಲ್ಲಿ ಹಾರ್ಲೆಮ್‌ನಲ್ಲಿ ಶುರುವಾದ ವೆಲ್ಸ್ ಸಪ್ಪರ್ ಕ್ಲಬ್. ರಾತ್ರಿಯೆಲ್ಲ ಬಾರಿಸಿ ಬರುವ ಸಂಗೀತಗಾರರಿಗೆ ರಾತ್ರಿ ಊಟಕ್ಕೆ ತಡ, ಬೆಳಗಿನ ತಿಂಡಿಗೆ ಬೇಗ. ಅವರಿಗಾಗಿ ಎರಡನ್ನೂ ಸೇರಿಸಿ ಕೊಟ್ಟರು ಅಂತ ಹೇಳುತ್ತಾರೆ. ಮೀನು ತಿನ್ನುವವರು ಕರಿದ ಕ್ಯಾಟ್‌ಫಿಶ್ ಕೇಳಿ. ಕರಾವಳಿಯವರಿಗೆ ಸಪ್ಪೆ ಅನ್ನಿಸೀತು, ಮೇಜಿನ ಮೇಲಿನ ಖಾರದ ಬಾಟಲಿ ಇರುವುದೇ ಅದಕ್ಕೆ. ಸಿಗಡಿ ಹಾಕಿದ ಗ್ರಿಟ್ಸ್ ಕೂಡ ಒಳ್ಳೆಯದು. ಗ್ರಿಟ್ಸ್ ಎಂದರೆ ಮೆಕ್ಕೆಜೋಳದ ನುಚ್ಚನ್ನು ಬೆಣ್ಣೆ ಹಾಕಿ ಗಂಜಿಯ ಹದಕ್ಕೆ ಬೇಯಿಸಿದ್ದು.

ಸಸ್ಯಾಹಾರಿಗಳು ಇಲ್ಲಿ ಸ್ವಲ್ಪ ನಿಂತು ಓದಿ. ಮೆನುವಿನಲ್ಲಿ ಹಸಿರಾಗಿ ಕಂಡದ್ದೆಲ್ಲ ಸಸ್ಯಾಹಾರ ಅಲ್ಲ. ಕಾಲರ್ಡ್ ಗ್ರೀನ್ಸ್ ನೋಡಲು ಬರೀ ಸೊಪ್ಪಿನ ಪಲ್ಯ, ಆದರೆ ಹಳೆಯ ಪದ್ಧತಿಯಲ್ಲಿ ಅದನ್ನು ಗಂಟೆಗಟ್ಟಲೆ ಬೇಯಿಸುವುದು ಹೊಗೆ ಹಾಕಿದ ಹಂದಿ ಮೂಳೆಯ ಜೊತೆ. ಈಗ ಎಷ್ಟೋ ಕಡೆ ಹಂದಿ ಬಿಟ್ಟು ಟರ್ಕಿ ಕೋಳಿ ಹಾಕುತ್ತಾರೆ. "ನೋ ಪೋರ್ಕ್" ಅಂದಾಗ ಸಮಾಧಾನಪಟ್ಟು ತಿಂದುಬಿಡಬೇಡಿ, "ನೋ ಮೀಟ್" ಅಂತ ಕೇಳಿ. ಅಲಸಂದೆಗೂ ಇದೇ ಕತೆ. ಕಾರ್ನ್‌ಬ್ರೆಡ್‌ಗೆ (ಮೆಕ್ಕೆಜೋಳದ ಹಿಟ್ಟಿನ ಬ್ರೆಡ್) ಹಂದಿ ಕೊಬ್ಬು ಬಳಸಿರಬಹುದು, ಗ್ರಿಟ್ಸ್ ಅನ್ನು ಕೋಳಿ ಸಾರಿನಲ್ಲಿ ಬೇಯಿಸಿರಬಹುದು, ಸಿಹಿ ಗೆಣಸಿನ ಮೇಲಿನ ಬಿಳಿ ಮಾರ್ಶ್‌ಮ್ಯಾಲೋದಲ್ಲಿ ಪ್ರಾಣಿಯ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್ ಇರುತ್ತದೆ. ಕರಿದ ಬೆಂಡೆಕಾಯಿ ಬಂದರೆ, ಕೋಳಿ ಕರಿದ ಎಣ್ಣೆಯಲ್ಲೇ ಕರಿದಿದ್ದೀರಾ ಅಂತ ಕೇಳಿ. ಒಂದೊಂದನ್ನೂ ಬೇರೆ ಬೇರೆಯಾಗಿ ಕೇಳಬೇಕು. ಬಡಿಸುವವರಿಗೆ ಗೊತ್ತಿಲ್ಲದಿದ್ದರೆ ಅಡುಗೆಮನೆಗೆ ಹೋಗಿ ಕೇಳಿಕೊಂಡು ಬರುತ್ತಾರೆ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಹಾಗಾದರೆ ಸಸ್ಯಾಹಾರಿ ತಿನ್ನುವುದೇನು? ವಾಫಲ್ ಅಥವಾ ಪ್ಯಾನ್‌ಕೇಕ್, ಮ್ಯಾಕ್ ಅಂಡ್ ಚೀಸ್ (ಚೀಸ್ ಹಾಕಿದ ಮ್ಯಾಕರೋನಿ), ಪಾಕದಲ್ಲಿ ಬೇಯಿಸಿದ ಗೆಣಸು, ಹಣ್ಣು. ಮೊಟ್ಟೆಯನ್ನೂ ಮುಟ್ಟದವರಿಗೆ ವಾಫಲ್ ಕೂಡ ಇಲ್ಲ. ಅಂಥವರು ಮನೆಯಲ್ಲೇ ಎರಡು ಇಡ್ಲಿ ತಿಂದು, ಅಲ್ಲಿ ಗೆಣಸು ಮತ್ತು ಕಾಫಿ ಹೇಳಿ, ಹಾಡಿನ ಮೇಲೆ ಗಮನ ಇಡುವುದು ಉತ್ತಮ. ಇದನ್ನು ಕೊಂಕಾಗಿ ಹೇಳುತ್ತಿಲ್ಲ, ಮನೆಯಲ್ಲಿ ಅತ್ತೆಯವರನ್ನು ಕರೆದುಕೊಂಡು ಹೋಗುವಾಗ ನಾವು ಮಾಡುವುದೇ ಹೀಗೆ.

ಕೊನೆಗೆ ಪೀಚ್ ಕಾಬ್ಲರ್. ಬಿಸಿ ಹಣ್ಣು, ಮೇಲೆ ಗರಿಗರಿ ಹಿಟ್ಟಿನ ಹೊದಿಕೆ. ಹೊಟ್ಟೆಯಲ್ಲಿ ಜಾಗ ಇಲ್ಲದಿದ್ದರೆ ಕಟ್ಟಿಸಿಕೊಳ್ಳಿ, ಬಿಡಬೇಡಿ.

ಕುಡಿಯುವವರಿಗೆ ಮಿಮೋಸಾ, ಅಂದರೆ ಕಿತ್ತಳೆ ರಸಕ್ಕೆ ನೊರೆಯ ವೈನ್ ಬೆರೆಸಿದ್ದು. 2016ರವರೆಗೆ ನ್ಯೂಯಾರ್ಕ್‌ನಲ್ಲಿ ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಮೊದಲು ಹೋಟೆಲಿನಲ್ಲಿ ಮದ್ಯ ಕೊಡುವಂತಿರಲಿಲ್ಲ. ಆಮೇಲೆ ಕಾನೂನು ಬದಲಿಸಿ ಹತ್ತು ಗಂಟೆಗೆ ತಂದರು. ಕುಡಿಯದವರು ಬರೀ ರಸ ಅಂತ ಒತ್ತಿ ಹೇಳಿ, ಲೋಟ ನೋಡಿದರೆ ಎರಡೂ ಒಂದೇ ತರಹ ಕಾಣುತ್ತವೆ.

ಹಾಡು ಶುರುವಾದ ಮೇಲೆ

ಕೂತ ಕೂಡಲೇ ಆರ್ಡರ್ ಕೊಟ್ಟುಬಿಡಿ. ಹಾಡು ಸಾಮಾನ್ಯವಾಗಿ ಮುಕ್ಕಾಲು ಗಂಟೆ ನಡೆದು ಸ್ವಲ್ಪ ವಿರಾಮ, ಮತ್ತೆ ಮುಕ್ಕಾಲು ಗಂಟೆ. ಹಾಡಿನ ನಡುವೆ ಬಡಿಸುವವರ ಕಿವಿಯಲ್ಲಿ "ಇದರಲ್ಲಿ ಮಾಂಸ ಇದೆಯಾ" ಅಂತ ಕಿರುಚುವುದು ಯಾರಿಗೂ ಸುಖ ಅಲ್ಲ.

ಈಗ ಚಪ್ಪಾಳೆ. ಇದನ್ನು ಮನೆಯಲ್ಲೇ ಸ್ವಲ್ಪ ರೂಢಿ ಮಾಡಿಕೊಂಡು ಹೋಗಬಹುದು. ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸಿ. ಭಜನೆಗೆ ಕೈ ತಟ್ಟಿ, ಆದಿತಾಳ ಹಾಕಿ ಬೆಳೆದ ನಮ್ಮ ಕೈ ತಾನಾಗಿ ಒಂದಕ್ಕೆ ಬೀಳುತ್ತದೆ. ಸೋಲ್, ಗಾಸ್ಪೆಲ್‌ನಲ್ಲಿ ಚಪ್ಪಾಳೆ ಬೀಳುವುದು ಎರಡಕ್ಕೆ ಮತ್ತು ನಾಲ್ಕಕ್ಕೆ. ಒಂದು, ಮೂರಕ್ಕೆ ಕಾಲಿನಿಂದ ನೆಲ ಒತ್ತಿ. ಎರಡು, ನಾಲ್ಕಕ್ಕೆ ಕೈ ತಟ್ಟಿ. ಅಲ್ಲಿ ಗೊಂದಲವಾದರೆ ಡ್ರಮ್ಮಿನವನ ಎಡಗೈ ನೋಡಿ. ಮುಂದಿರುವ ಚಪ್ಪಟೆ ಡ್ರಮ್ಮಿನ ಮೇಲೆ ಅವನು ಟಪ್ ಅಂತ ಹೊಡೆಯುವುದು ಎರಡಕ್ಕೆ, ನಾಲ್ಕಕ್ಕೆ. ಅವನ ಜೊತೆ ಹೋದರೆ ತಪ್ಪುವುದಿಲ್ಲ. ನಿಧಾನದ ಹಾಡುಗಳಲ್ಲಿ ತಿಶ್ರ ನಡೆ ಇರುತ್ತದೆ, ಮೂರು ಮೂರಾಗಿ ಉರುಳುತ್ತದೆ. ಆಗ ಕೈ ಬಿಡಿ, ಸುಮ್ನೆ ಅಕ್ಕಪಕ್ಕ ತೂಗಿ.

ಹಾಡುವವರು ಒಂದು ಸಾಲು ಹೇಳುತ್ತಾರೆ, ಉಳಿದವರು ಉತ್ತರ ಕೊಡುತ್ತಾರೆ. ನಮ್ಮಲ್ಲಿ ಭಜನೆ ಹೇಳಿಕೊಡುವಾಗ ಹೀಗೇ ಅಲ್ವಾ? ಒಂದೇ ವ್ಯತ್ಯಾಸ, ಇಲ್ಲಿ ಉತ್ತರ ಹಾಡಿನ ಸಾಲೇ ಆಗಬೇಕಿಲ್ಲ. ಒಳ್ಳೆಯ ಆಲಾಪದ ಮಧ್ಯೆ "ಆಹಾ" ಅನ್ನುವ ಜಾಗದಲ್ಲಿ ಇವರು "ಸಿಂಗ್!" ಅಂತಲೋ "ಟೇಕ್ ಯುವರ್ ಟೈಮ್!" ಅಂತಲೋ ಕೂಗುತ್ತಾರೆ. ಗಾಯಕಿ ಒಂದು ಸ್ವರಕ್ಕೆ ಹತ್ತಲು ಹೊರಟು ಕಣ್ಣು ಮುಚ್ಚಿದಾಗ ಹಿಂದಿನ ಟೇಬಲ್‌ನ ಅಜ್ಜಿ ಹೀಗೆ ಕೂಗಿದರೆ ತಿರುಗಿ ನೋಡಿ ಮುಖ ಗಂಟಿಕ್ಕಬೇಡಿ. ಅದು ಶಭಾಶ್.

ಗಾಯಕಿ ಮೈಕ್ ಹಿಡಿದು ಟೇಬಲ್‌ಗಳ ನಡುವೆ ಬರುತ್ತಾಳೆ. ಎಲ್ಲಿಯವರು ಅಂತ ಕೇಳುತ್ತಾಳೆ. "ಬೆಂಗಳೂರು" ಅಂತ ಜೋರಾಗಿ ಹೇಳಿ, ಇಡೀ ಹಾಲ್ ಹೋ ಅನ್ನುತ್ತದೆ. ಯಾರದ್ದಾದರೂ ಹುಟ್ಟುಹಬ್ಬ ಇದ್ದರೆ ಬಂದಾಗಲೇ ಹೇಳಿಡಿ. ಅವರು ಹಾಡುವುದು ನಮಗೆ ಗೊತ್ತಿರುವ ಧಾಟಿ ಆಗಿರಲಿಕ್ಕಿಲ್ಲ. ಮಾರ್ಟಿನ್ ಲೂಥರ್ ಕಿಂಗ್ ಹುಟ್ಟಿದ ದಿನಕ್ಕೆ ರಾಷ್ಟ್ರೀಯ ರಜೆ ಬೇಕು ಅಂತ ನಡೆದ ಹೋರಾಟಕ್ಕಾಗಿ ಸೋಲ್ ಗಾಯಕ ಸ್ಟೀವಿ ವಂಡರ್ ಕಟ್ಟಿದ ಹಾಡೊಂದಿದೆ. ರಜೆಯ ಕಾನೂನಿಗೆ 1983ರಲ್ಲಿ ಸಹಿ ಬಿತ್ತು, ಹಾಡು ಮಾತ್ರ ಕಪ್ಪು ಜನರ ಮನೆಮನೆಯ ಹುಟ್ಟುಹಬ್ಬದಲ್ಲಿ ಉಳಿದುಕೊಂಡಿತು.

ಆರ್ಗನ್ ಇದ್ದರೆ ಅದರ ಹತ್ತಿರ ಜಾಗ ಕೇಳಿ. ಹ್ಯಾಮಂಡ್ ಆರ್ಗನ್ ಎಂಬ, ಮನೆಗಳನ್ನು ಒತ್ತಿ ಬಾರಿಸುವ ವಿದ್ಯುತ್ ವಾದ್ಯ 1935ರಲ್ಲಿ ಬಂತು. ದೊಡ್ಡ ಪೈಪ್ ಆರ್ಗನ್ ಕೊಳ್ಳಲಾಗದ ಚರ್ಚುಗಳು ಇದನ್ನು ಕೊಂಡವು, ಹಾಗಾಗಿ ಇದೇ ಗಾಸ್ಪೆಲ್‌ನ ದನಿ ಆಯಿತು. ಪಕ್ಕದಲ್ಲಿ ಬೀರುವಿನಂಥ ಮರದ ಪೆಟ್ಟಿಗೆ ಇರುತ್ತದೆ, ಅಡ್ಡ ಸೀಳು ಬಿಟ್ಟದ್ದು. ಅದು ಆರ್ಗನ್ನಿನ ಸ್ಪೀಕರ್, ಹೆಸರು ಲೆಸ್ಲಿ. ಸೀಳಿನಲ್ಲಿ ಬಗ್ಗಿ ನೋಡಿದರೆ ಒಳಗೆ ಕೊಂಬಿನ ಆಕಾರದ್ದೊಂದು ಗಿರ್ರನೆ ತಿರುಗುವುದು ಕಾಣುತ್ತದೆ. ಬಾರಿಸುವವನು ಒಂದು ಸ್ವಿಚ್ ತಟ್ಟುತ್ತಾನೆ, ತಿರುಗುವ ವೇಗ ಏರುತ್ತದೆ, ಅದರ ಜೊತೆಗೇ ದನಿ ನಡುಗಲು ಶುರುವಾಗುತ್ತದೆ. ಹಾಡು ಕುದಿಯುವ ಹೊತ್ತು ಬಂತು ಅಂತ ತಿಳಿಯುವುದು ಅದರಿಂದಲೇ. ಈಗ ಜಾಗ ಕಮ್ಮಿ ಇರುವ ಹೋಟೆಲುಗಳಲ್ಲಿ ಕೀಬೋರ್ಡಿನಲ್ಲೇ ಆ ದನಿ ಹುಟ್ಟಿಸುತ್ತಾರೆ. ಪರವಾಗಿಲ್ಲ, ಆದರೆ ಅಸಲಿ ಸಿಕ್ಕರೆ ಬಿಡಬೇಡಿ.

ಹಾಡು ಮುಗಿಯಿತು ಅಂತ ಬೇಗ ತೀರ್ಮಾನಿಸಬೇಡಿ. ಎಲ್ಲ ನಿಲ್ಲುತ್ತದೆ, ಜನ ಚಪ್ಪಾಳೆ ಹೊಡೆಯುತ್ತಾರೆ, ಆರ್ಗನ್ ಮಾತ್ರ ಒಂದು ಸ್ವರ ಹಿಡಿದುಕೊಂಡೇ ಇರುತ್ತದೆ. ಗಾಯಕಿ ಅದೇ ಕೊನೆಯ ಸಾಲನ್ನು ಇನ್ನೊಮ್ಮೆ ಮೆಲ್ಲಗೆ ಹೇಳುತ್ತಾಳೆ. ಡ್ರಮ್ಮು ಎರಡರಷ್ಟು ವೇಗದಲ್ಲಿ ನುಗ್ಗುತ್ತದೆ. ಮುಗಿಯಿತೆಂದುಕೊಂಡ ಹಾಡು ಇನ್ನೂ ಐದು ನಿಮಿಷ ಓಡುತ್ತದೆ. ಬಿಲ್ ಕೇಳಲು ಕೈ ಎತ್ತಿದವರು ಆಗ ಕೈಯನ್ನು ಹಾಗೇ ಚಪ್ಪಾಳೆಗೆ ಇಳಿಸಬೇಕಾಗುತ್ತದೆ.

ಮಾತು ಮತ್ತು ಕ್ಯಾಮೆರಾ

ಮನೆಯ ಹಿರಿಯರಿಗೆ ಒಂದು ಮಾತು ಮೊದಲೇ ಹೇಳಿ. ನಮ್ಮ ಹಳೆಯ ಪತ್ರಿಕೆ, ಪಠ್ಯಪುಸ್ತಕಗಳಲ್ಲಿ "ನೀಗ್ರೋ" ಅಂತಲೇ ಬರೆಯುತ್ತಿದ್ದರು, ಅವರ ಬಾಯಿಗೆ ಅದು ಸಹಜವಾಗಿ ಬರುತ್ತದೆ. ಕನ್ನಡದಲ್ಲಿ ಮಾತಾಡುತ್ತಿದ್ದರೂ ಆ ಒಂದು ಶಬ್ದ ಪಕ್ಕದವರಿಗೆ ಕೇಳಿಸುತ್ತದೆ, ನೋವಾಗುತ್ತದೆ. "ಇವರು", "ಇಲ್ಲಿಯವರು" ಅಂದರೆ ಸಾಕು.

ಅರ್ಧ ನಿಮಿಷದ ವಿಡಿಯೋ ತೆಗೆದುಕೊಳ್ಳಿ, ಇಡೀ ಹಾಡು ಬೇಡ. ಪಕ್ಕದ ಟೇಬಲ್‌ನ ಹ್ಯಾಟು ಚೆನ್ನಾಗಿದೆ ಅಂತ ಕೇಳದೆ ಫೋಟೋ ಹೊಡೆಯುವುದು ಬೇಡವೇ ಬೇಡ. ಹ್ಯಾಟು ಚೆನ್ನಾಗಿದೆ ಅಂತ ಬಾಯಿಬಿಟ್ಟು ಹೇಳಿ. ಅವರೇ ಫೋಟೋಗೆ ಕರೆದರೂ ಕರೆದಾರು.

ದುಡ್ಡು

ಮೆನುವಿನ ಬೆಲೆ ನೋಡಿ ಲೆಕ್ಕ ಹಾಕಬೇಡಿ. ನ್ಯೂಯಾರ್ಕ್ ನಗರದಲ್ಲಿ ಹೋಟೆಲ್ ಬಿಲ್ಲಿಗೆ ತೆರಿಗೆ 8.875 ಶೇಕಡ. ಅದರ ಮೇಲೆ ಬಡಿಸಿದವರಿಗೆ ಟಿಪ್ಸ್ 18ರಿಂದ 20 ಶೇಕಡ. ಇಬ್ಬರು ಸೇರಿ 80 ಡಾಲರ್ ತಿಂದರೆ ತೆರಿಗೆ 7 ಡಾಲರ್ 10 ಸೆಂಟ್, ಟಿಪ್ಸ್ 16 ಡಾಲರ್. ಒಟ್ಟು 103 ದಾಟುತ್ತದೆ. ಆರು ಅಥವಾ ಅದಕ್ಕಿಂತ ಜಾಸ್ತಿ ಜನ ಇದ್ದರೆ ಟಿಪ್ಸನ್ನು ಎಷ್ಟೋ ಕಡೆ ಬಿಲ್ಲಿಗೇ ಸೇರಿಸಿರುತ್ತಾರೆ. ಬಿಲ್ ಪೂರ್ತಿ ಓದಿ, ಇಲ್ಲದಿದ್ದರೆ ಎರಡು ಸಲ ಕೊಟ್ಟು ಬರುತ್ತೀರಿ.

ಹಾಡುವವರಿಗೆ ಕೊಡುವುದು ಬೇರೆ. ಅವರ ಮುಂದೆ ಗಾಜಿನ ಜಾಡಿಯೋ ಬುಟ್ಟಿಯೋ ಇರುತ್ತದೆ. ಮನೆಯಿಂದ ಬರುವಾಗಲೇ ಐದು, ಹತ್ತರ ನೋಟು ಇಟ್ಟುಕೊಳ್ಳಿ. ಒಂದು ಟೇಬಲ್‌ಗೆ ಹತ್ತು ಇಪ್ಪತ್ತು ಡಾಲರ್ ಮರ್ಯಾದೆ. ಮಕ್ಕಳ ಕೈಯಲ್ಲಿ ಹಾಕಿಸಿದರೆ ಗಾಯಕಿಯಿಂದ ಮಗುವಿಗೆ ಒಂದು ಸಾಲು ಹಾಡೂ ಸಿಗಬಹುದು.

ಊಟ ಆದ ಮೇಲೆ

ಇಷ್ಟು ತಿಂದ ಮೇಲೆ ನಡೆಯಲೇಬೇಕು. 125ನೇ ಬೀದಿಯಲ್ಲಿ ಪಶ್ಚಿಮಕ್ಕೆ ಹತ್ತು ನಿಮಿಷ ನಡೆದರೆ ಅಪೊಲೊ ಥಿಯೇಟರ್. 1934ರಲ್ಲಿ ಅಲ್ಲಿ ಹೊಸ ಕಲಾವಿದರ ಸ್ಪರ್ಧೆಯ ರಾತ್ರಿ ಶುರುವಾಯಿತು, ಜಾಝ್ ಗಾಯಕಿ ಎಲಾ ಫಿಟ್ಜೆರಾಲ್ಡ್ ಬೆಳಕಿಗೆ ಬಂದದ್ದು ಆ ವೇದಿಕೆಯಲ್ಲೇ. ಸೋಲ್ ಗಾಯಕ ಜೇಮ್ಸ್ ಬ್ರೌನ್ 1962ರಲ್ಲಿ ಇಲ್ಲಿನ ಒಂದು ಕಛೇರಿಯನ್ನು ಸ್ವಂತ ದುಡ್ಡಿನಲ್ಲಿ ರೆಕಾರ್ಡ್ ಮಾಡಿಸಿದ, ರೆಕಾರ್ಡ್ ಕಂಪನಿಗೆ ಅದರಲ್ಲಿ ನಂಬಿಕೆ ಇರಲಿಲ್ಲ. ಒಳಗೆ ಬಿಡದಿದ್ದರೂ ಹೊರಗಿನ ಬೋರ್ಡಿನ ಕೆಳಗೆ ಎಲ್ಲರೂ ಒಂದು ಫೋಟೋ ತೆಗೆಸಿಕೊಳ್ಳುತ್ತಾರೆ.

ಕಾಲಿನಲ್ಲಿ ಶಕ್ತಿ ಇದ್ದವರು ಉತ್ತರಕ್ಕೆ ಹೋಗಿ. 138, 139ನೇ ಬೀದಿಗಳಲ್ಲಿ ಸ್ಟ್ರೈವರ್ಸ್ ರೋ ಎಂಬ ಹಳೆಯ ಮನೆಗಳ ಸಾಲಿದೆ. ಅಲ್ಲಿನ ಗೇಟಿನ ಕಂಬಗಳ ಮೇಲೆ "ಕುದುರೆಯನ್ನು ನಡೆಸಿಕೊಂಡು ಹೋಗಿ" ಎಂಬ ಸೂಚನೆ ಇನ್ನೂ ಇದೆ. ಶನಿವಾರ ಬಂದವರು 135ನೇ ಬೀದಿಯ ಷಾಂಬರ್ಗ್ ಕೇಂದ್ರಕ್ಕೂ (ಕಪ್ಪು ಜನರ ಇತಿಹಾಸ, ಸಂಸ್ಕೃತಿಯ ಗ್ರಂಥಾಲಯ) ಇಣುಕಿ. ಕವಿ ಲ್ಯಾಂಗ್ಸ್ಟನ್ ಹ್ಯೂಸ್ ಅವರ ಚಿತಾಭಸ್ಮವನ್ನು ಅಲ್ಲಿನ ನೆಲದ ಚಿತ್ತಾರದ ಕೆಳಗೆ ಇಟ್ಟಿದ್ದಾರೆ. ಪಕ್ಕದಲ್ಲೇ 135ನೇ ಬೀದಿಯ ನಿಲ್ದಾಣ, ಅದೇ 2 ಮತ್ತು 3. ಪೆನ್ ಸ್ಟೇಷನ್‌ನಲ್ಲಿ ವಾರಾಂತ್ಯದ ರೈಲುಗಳ ನಡುವೆ ಅಂತರ ಜಾಸ್ತಿ, ಹೊತ್ತು ನೋಡಿಕೊಂಡು ಹೊರಡಿ. ಕಾಬ್ಲರ್ ಕಟ್ಟಿಸಿಕೊಂಡಿದ್ದರೆ ಡಬ್ಬಿ ಅಡ್ಡ ಆಗದಂತೆ ತೊಡೆಯ ಮೇಲೇ ಇಟ್ಟುಕೊಳ್ಳಿ, ಅದರ ಪಾಕ ಸೋರುತ್ತದೆ.